ಹಗೇವಿನೊಳಗಿನ ಉಸಿರು

ಅದು ೧೯೮೪ನೆಯ ಇಸವಿ, ಬೇಸಿಗೆ. ನಿಮ್ಮ ತಾತ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಾನು ರಾಯಚೂರಿನ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದೆ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಅಜ್ಜಿಗೆ ಏನು ಸಿಕ್ಕಿತು ಎಂದು ನೀವು ನಗುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಕೂರುವುದನ್ನು ಕಲಿಸಿದ್ದು ಪಕ್ಕದ ಮನೆಯ ಅಂಜಮ್ಮ, ಬೌದ್ಧರು. ಮೂಗಿನ ತುದಿಯಲ್ಲಿ ಉಸಿರು ಬಂದು ಹೋಗುವುದನ್ನು ನೋಡಬೇಕು, ಅಷ್ಟೇ. ನನಗೆ ಅದೇ ಆಗುತ್ತಿರಲಿಲ್ಲ. ಎರಡು ಉಸಿರು ಮುಗಿಯುವಷ್ಟರಲ್ಲಿ ಮನಸ್ಸು ಒಲೆಯ ಮೇಲಿನ ಬೇಳೆಗೆ, ಪಾಳಿಗೆ ಕರೆಯುವ ಗಿರಣಿಯ ಭೋಂಗಾದ ಕೂಗಿಗೆ, ಮಾನ್ವಿಯಲ್ಲಿ ಓದಲು ಬಿಟ್ಟಿದ್ದ ನಿಮ್ಮ ಅಪ್ಪನ ಕೆಮ್ಮಿಗೆ ಓಡುತ್ತಿತ್ತು.

"ಎಂಟು ವರ್ಷ ಆತಬೇ, ಇನ್ನೂ ಓಡತದ" ಎಂದು ಒಮ್ಮೆ ಅತ್ತೇಬಿಟ್ಟೆ.

"ಓಡಿದ್ದು ನಿನಗ ಗೊತ್ತಾತಿಲ್ಲೋ? ಮೊದಲು ಅದೂ ಗೊತ್ತಾಗತಿದ್ದಿಲ್ಲ. ಬೈಬ್ಯಾಡ, ಕೈ ಹಿಡಿದು ಕರ್ಕೊಂಡು ಬಾ" ಎಂದರು ಅಂಜಮ್ಮ.

ಆ ಬೇಸಿಗೆ ದೇವದುರ್ಗದ ಬಸ್ಸು ಹಿಡಿದು ಜಾಲಹಳ್ಳಿಗೆ, ಅತ್ತೆಯ ಮನೆಗೆ ಹೋಗಿದ್ದೆ. ಹಗೇವು ತೆಗೆದಿದ್ದರು. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಆಳದ ಗುಂಡಿ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ, ಒಳಗೆ ಕೆಟ್ಟ ಗಾಳಿ ಇರುತ್ತದೆ. ಒಂದು ದಿನ ಬಿಟ್ಟು ಕಂದೀಲು ಇಳಿಸಿ ನೋಡಿದರು. ದೀಪ ಆರಲಿಲ್ಲ, ಗಾಳಿ ಸರಿಹೋಗಿದೆ ಎಂದುಕೊಂಡರು. ನನ್ನ ಮೈದುನ ಹುಸೇನಪ್ಪ ಕಂಕುಳಿಗೆ ಹಗ್ಗ ಕಟ್ಟಿಕೊಂಡು ಇಳಿದ. ಬುಟ್ಟಿ ತುಂಬಿದಾಗಲೆಲ್ಲ "ಎಳೀರಿ" ಎಂದು ಕೂಗುತ್ತಿದ್ದ. ಮೇಲೆ ನಿಂತು ಎಳೆಯುತ್ತಿದ್ದವರು ಭಾವ, ಎಂದರೆ ನಿಮ್ಮ ತಾತನ ಅಣ್ಣ, ಮತ್ತೆ ಇಬ್ಬರು ನೆರೆಯವರು.

ನಾನು ಸೆರಗು ಹೊದ್ದು ಹಿಂದೆ ಕೂತು ಜೋಳ ಕೇರುತ್ತಿದ್ದೆ. ಭಾವನ ಎದುರು ಮಾತಾಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅವರು ಭಾವನಿಗೆ ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ಹಾಗೇ ನಡೆದಿತ್ತು. ಮನಸ್ಸು ಎಂದಿನಂತೆ ಚಡಪಡಿಸುತ್ತಿತ್ತು, ನಾಲ್ಕರ ಬಸ್ಸು ತಪ್ಪಿದರೆ ನಾಳೆ ಗಿರಣಿಗೆ ಹೇಗೆ ಹೋಗಲಿ ಎಂದು.

"ಏ ಹುಸೇನಾ, ಒಳಗ ಮಲಗೀ ಏನಲೇ?" ಎಂದು ಭಾವ ಕೂಗಿದರು.

"ಹೂಂ ಅಣ್ಣಾ... ಜೋಳದ ಹಾಸಿಗಿ... ಭಾಳ ನಿದ್ದಿ ಬರಾಕತ್ತದ."

ಎಲ್ಲರೂ ನಕ್ಕರು. ಬಸ್ಸಿನಲ್ಲಿದ್ದ ನನ್ನ ಮನಸ್ಸು ತಟ್ಟನೆ ತಿರುಗಿ ಬಂತು. ಆ ಮಾತುಗಳ ನಡುವೆ ಉಸಿರು ಸಿಕ್ಕಿಕೊಂಡಿತ್ತು. ಅದು ತಮಾಷೆ ಮಾಡುವವನ ಉಸಿರಲ್ಲ. ಅತ್ತೆಯ ಕಡೆ ನೋಡಿದೆ, ಅವರೂ ನಗುತ್ತಿದ್ದರು. ಅವರಿಗೆ ಹೇಳಿ, ಅವರು ಭಾವನಿಗೆ ಹೇಳಿ... ಮೊರ ಬಿಸಾಕಿ ಎದ್ದೆ.

"ಭಾವಾ, ಎಳೀರಿ! ಬುಟ್ಟಿ ಅಲ್ಲ, ಅವನನ್ನ ಎಳೀರಿ!"

ಭಾವ ಕಲ್ಲಿನಂತೆ ನಿಂತರು. "ಭಾವನ ಮುಂದ ಬಾಯಿ ಮಾಡತೀಯೇನ? ನಾಚಿಕಿ ಇಲ್ಲೇನು?" ಎಂದರು ಅತ್ತೆ. ಸೆರಗು ತಲೆಯಿಂದ ಜಾರಿತ್ತು. ನಾನೇ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಆಗ ಭಾವ "ಹುಸೇನಾ!" ಎಂದು ಕೂಗಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ಆಮೇಲೆ ಎಲ್ಲರೂ ಸೇರಿ ಎಳೆದೆವು.

ಕತ್ತು ವಾಲಿತ್ತು, ತುಟಿ ನೀಲಿಯಾಗಿತ್ತು. ಮೊರದಿಂದ ಗಾಳಿ ಬೀಸಿದೆ. ಎಷ್ಟೋ ಹೊತ್ತಿಗೆ ಅವನು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. ಜೋಳ ಕೆದಕಿದಂತೆ ಅಡಿಯ ಕೆಟ್ಟ ಗಾಳಿ ಎದ್ದಿತ್ತಂತೆ.

ಸಂಜೆ ಭಾವ ನನ್ನ ಕಡೆ ನೋಡದೆಯೇ ಅತ್ತೆಗೆ ಹೇಳಿದರು: "ಯವ್ವಾ, ಆಕಿಗೆ ಹೆಂಗ ಗೊತ್ತಾತು, ಕೇಳು."

ಅತ್ತೆ ಕೇಳಿದರು. ನಾನು ಚೆಲ್ಲಿದ ಜೋಳವನ್ನು ಮೊರಕ್ಕೆ ಬಳಿಯುತ್ತಿದ್ದೆ. ನಾಲ್ಕರ ಬಸ್ಸು ಹೋಗಿಬಿಟ್ಟಿತ್ತು, ಅಷ್ಟು ಗೊತ್ತು.

ನನ್ನ ಮನಸ್ಸು ಇವತ್ತಿಗೂ ನಿಂತಿಲ್ಲ, ಓಡುತ್ತಲೇ ಇದೆ. ಆದರೆ ನೀವು ಫೋನಿನಲ್ಲಿ ಮಾತಾಡುತ್ತಾ ನಡುವೆ ತಡೆದರೆ "ಏನಾತು?" ಎಂದು ಕೇಳುತ್ತೇನಲ್ಲ, "ಏನಿಲ್ಲಜ್ಜಿ" ಎಂದು ರೇಗಬೇಡಿ. ಅಂಥ ತಡೆಯನ್ನು ನಾನು ಒಮ್ಮೆ ಹಗೇವಿನ ಬಾಯಲ್ಲಿ ಕೇಳಿದ್ದೇನೆ.