ಉಪ್ಪು ಬಡಿಸಿದ ಏಕಾವಧಾನಿ

ನೀವು ಯಾವಾಗಲಾದರೂ ಸದಾಶಿವಗಡದ ನಮ್ಮ ಮನೆಗೆ ಊಟಕ್ಕೆ ಬಂದರೆ, ಎಲೆಯ ಮುಂದೆ ಕುಳಿತು ನೀರು ಚಿಮುಕಿಸಿ ಒರೆಸಿಕೊಳ್ಳುವಷ್ಟರಲ್ಲಿ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದೀತು. ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಮನೆ, ಅಡಿಗೆಮನೆಯಿಂದ ಉಪ್ಪಿನ ಮರಿಗೆ ಹೊರಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಮರಿಗೆಯೆಂದರೆ ಹಲಸಿನ ಮರದಲ್ಲಿ ಕೊರೆದ, ಅಂಗೈಗಿಂತ ತುಸು ಅಗಲವಾದ, ಉಪ್ಪಿನ ತೇವಕ್ಕೆ ಕಪ್ಪಾಗಿ ನುಣುಪೇರಿದ ಒಂದು ಬಟ್ಟಲು, ಅಷ್ಟೇ. ಅದನ್ನು ಹಿಡಿದವರು ಸಾಲಿನ ಕೊನೆಯ ಎಲೆಯ ತುದಿಗೂ ಚಿಟಿಕೆ ಉಪ್ಪಿಟ್ಟು ತಲೆ ಎತ್ತುವ ತನಕ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ಇದನ್ನು ಯಾವುದೋ ದೇವರ ಹರಕೆಯೆಂದು ತಿಳಿದು ಕೈಮುಗಿದದ್ದೂ ಉಂಟು. ನಾನು ಅವರನ್ನು ತಿದ್ದಲು ಹೋಗಲಿಲ್ಲ, ಏಕೆಂದರೆ ಕೈಮುಗಿಸಿಕೊಳ್ಳುವ ಯೋಗ್ಯತೆ ಆ ಪದ್ಧತಿಗೆ ಇದೆಯೆಂದೇ ನನ್ನ ನಂಬಿಕೆ.

ಮರಿಗೆ ನನ್ನ ತವರುಮನೆಯದು, ಅಂಕೋಲೆಯ ಕಡೆಯ ಅವರ್ಸಾದ್ದು. ಪದ್ಧತಿ ನನ್ನ ತಂಗಿ ಹೊನ್ನಿಯದು.

ಹೊನ್ನಿ ನನಗಿಂತ ಏಳು ವರ್ಷ ಚಿಕ್ಕವಳು. ಹುಟ್ಟುವಾಗ ಬಹಳ ಹೊತ್ತು ಅಳಲೇ ಇಲ್ಲವಂತೆ. ಮುಂದೆ ಅಂಬೆಗಾಲಿಡುವ ವಯಸ್ಸಿನಲ್ಲಿ ಅವಳ ಬಲಗೈ ಎದೆಗೆ ಅಂಟಿಕೊಂಡೇ ಇರುತ್ತಿತ್ತು. ಮುಷ್ಟಿ ಬಿಗಿದು, ಹೆಬ್ಬೆರಳು ಒಳಗೆ ಸಿಕ್ಕಿಕೊಂಡು, ಯಾರಿಗೂ ತೋರಿಸಲೊಲ್ಲದ ಗುಟ್ಟೊಂದನ್ನು ಹಿಡಿದಿಟ್ಟುಕೊಂಡ ಹಾಗೆ. ಬಲಗಾಲನ್ನೂ ಸ್ವಲ್ಪ ಎಳೆದು ನಡೆಯುತ್ತಿದ್ದಳು. ನಾವು ಅವ್ವಿ ಎಂದು ಕರೆಯುತ್ತಿದ್ದ ನಮ್ಮ ತಾಯಿ ಬೆಳಿಗ್ಗೆ ಸಂಜೆ ತಪ್ಪದೆ ಆ ಕೈಗೆ ಎಣ್ಣೆ ನೀವುತ್ತಿದ್ದಳು. ಈಗ ಕಾರವಾರದಲ್ಲಿ ಡಾಕ್ಟರಾಗಿರುವ ನನ್ನ ಮೊಮ್ಮಗ ಇದಕ್ಕೆ ಸೆರೆಬ್ರಲ್ ಪಾಲ್ಸಿ ಎಂಬ ಹೆಸರಿದೆ, ಪೆಟ್ಟು ಬಿದ್ದದ್ದು ಕೈಗಲ್ಲ, ಮಿದುಳಿಗೆ ಎನ್ನುತ್ತಾನೆ. ಮೂವತ್ತರ ದಶಕದ ನಮ್ಮೂರಿನಲ್ಲಿ ಅದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದ ಪ್ರತಿಯೊಬ್ಬರ ಬಳಿಯೂ ಒಂದೊಂದು ಮದ್ದಿತ್ತು.

ಎಲ್ಲರೂ ಒಪ್ಪಿದ್ದ ಮದ್ದೆಂದರೆ ಮಾತು. ನಮ್ಮೂರ ಹೆಂಗಸರಿಗೆ ಬಾಯಿ ಓಡದೆ ಕೈ ಓಡುವುದಿಲ್ಲ. ಸಸಿ ನೆಡುವಾಗ ಹಾಡು, ಅಕ್ಕಿ ಕುಟ್ಟುವಾಗ ಹಾಡು, ಮೀನು ಕೊಯ್ಯುವಾಗ ನೆರೆಮನೆಯ ಸುದ್ದಿ. ಸೊಂಟದಲ್ಲಿ ಕೂಸು, ಕೈಯಲ್ಲಿ ಸೌಟು, ಬಾಯಲ್ಲಿ ಗಂಡನಿಗೆ ಬೈಗುಳ, ಇಷ್ಟೂ ಒಟ್ಟಿಗೆ ಸಾಗಿದರೇ ಅವಳು ಗಟ್ಟಿಗಿತ್ತಿ. ಅಂಥವರ ನಡುವೆ ಹೊನ್ನಿ ಒಂದು ಕಾಳು ಹೆಕ್ಕಲು ಕೈ ಚಾಚಿದರೆ ಸಾಕು, ನಾಲ್ಕು ದಿಕ್ಕಿನಿಂದ ಅಕ್ಕರೆ ಸುರಿಯುತ್ತಿತ್ತು: ಹಾಂ, ಹಾಗೇ, ಸ್ವಲ್ಪ ಬೆರಳು ಬಿಡಿಸು, ಶಾಣ್ಯಾ ಮಗು, ನಿನ್ನೆ ತಿಂದ ಹಣ್ಣು ಯಾವುದು ಹೇಳು ನೋಡುವಾ. ಎಲ್ಲರಿಗಿಂತ ಹೆಚ್ಚು ಸುರಿಸುತ್ತಿದ್ದವಳು ನಾನು. ನಾವು ಸುರಿಸಿದಷ್ಟೂ ಆ ಮುಷ್ಟಿ ಬಿಗಿಯುತ್ತಿತ್ತು. ಬಿಗಿದದ್ದನ್ನು ಕಂಡು, ಪಾಪ, ಧೈರ್ಯ ಸಾಲದೇನೋ ಎಂದು ಮತ್ತಷ್ಟು ಸುರಿಸುತ್ತಿದ್ದೆವು.

ಈ ತಪ್ಪನ್ನು ಕಂಡುಹಿಡಿದ ಕೀರ್ತಿ ನನ್ನದೆಂದು ಹೇಳಿಕೊಳ್ಳಲು ಬಹಳ ಆಸೆ. ಆದರೆ ಅದು ಸಲ್ಲಬೇಕಾದದ್ದು ನನ್ನ ದವಡೆ ಹಲ್ಲಿಗೆ. ಹೊನ್ನಿಗೆ ಎಂಟು ತುಂಬಿದ ವರ್ಷ ಆ ಹಲ್ಲು ನೋವೆದ್ದು, ಕೆನ್ನೆ ಊದಿ, ನಾಲ್ಕು ದಿನ ನನಗೆ ಬಾಯಿ ತೆರೆಯಲಾಗಲಿಲ್ಲ. ಮನೆಯವರಿಗೆ ಅದೊಂದು ಹಬ್ಬವಾಗಿತ್ತೆಂದು ಅಪ್ಪ ಆಮೇಲೆ ಎಷ್ಟೋ ವರ್ಷ ಹೇಳಿ ನಗುತ್ತಿದ್ದ. ಮೂರನೆಯ ದಿನ ಹಿತ್ತಲ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ಹೊನ್ನಿ ಎದುರಿಗೆ ಬಂದು ಕುಳಿತಳು. ನಾನು ಮಾತಾಡಲಿಲ್ಲ, ಆಡುವ ಸ್ಥಿತಿಯಲ್ಲಿರಲಿಲ್ಲ. ಅವಳು ಬಲಗೈಯನ್ನು ಮೊರದ ಮೇಲೆ ತಂದು, ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿದಳು. ಬಾಗಿಸಿದೊಡನೆ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಲ್ಲು ಸಿಕ್ಕಿತು. ಅದನ್ನೆತ್ತಿ ಪಕ್ಕಕ್ಕಿಟ್ಟಳು. ಮತ್ತೊಂದು, ಆಮೇಲೆ ಇನ್ನೊಂದು. ನಾನು ಹಲ್ಲುನೋವು ಮರೆತು, ಇಲ್ನೋಡೇ ಅವ್ವಿ, ಎಂದು ಹೇಗೋ ಕೂಗಿಬಿಟ್ಟೆ. ಕೈ ತಟ್ಟನೆ ಮುಚ್ಚಿಕೊಂಡಿತು, ನಾಲ್ಕನೆಯ ಕಲ್ಲು ಅಕ್ಕಿಯೊಳಗೇ ಉಳಿಯಿತು.

ಅಂದು ನನಗೆ ತಿಳಿದದ್ದು ಇಷ್ಟು. ಅವಳ ಕೈಗೆ ಕೆಲಸ ಗೊತ್ತಿದೆ, ಆದರೆ ಆ ಕೆಲಸಕ್ಕೆ ಅವಳ ಇಡೀ ಮನಸ್ಸು ಬೇಕು. ನಮಗೆಲ್ಲ ಮನಸ್ಸಿನ ಒಂದು ಮೂಲೆ ಸಾಕಾಗುವ ಜಾಗದಲ್ಲಿ ಅವಳು ಪೂರ್ತಿ ಮನೆಯನ್ನೇ ತೆರವು ಮಾಡಿಕೊಡಬೇಕು. ಅಲ್ಲಿಗೆ ನಾವು ಒಂದು ಪ್ರಶ್ನೆ ನುಗ್ಗಿಸಿದರೆ ಕೈ ಎದ್ದು ಹೊರಗೆ ಹೋಗುತ್ತದೆ. ಎಂಟು ಮಂದಿಯ ಪ್ರಶ್ನೆಗೆ ಏಕಕಾಲಕ್ಕೆ ಉತ್ತರಿಸುವ ಅಷ್ಟಾವಧಾನಿಗಳೆಂಬ ಪಂಡಿತರ ವಿಷಯ ನೀವು ಬಲ್ಲಿರಿ. ಅವರ ಏಕಾಗ್ರತೆ ಕೆಡಿಸಲೆಂದೇ ನಡುನಡುವೆ ಅಸಂಬದ್ಧ ಮಾತು ತೆಗೆಯುವ ಅಪ್ರಸ್ತುತ ಪ್ರಸಂಗಿಯೊಬ್ಬನನ್ನು ಕೂರಿಸಿರುತ್ತಾರೆ. ನನ್ನ ತಂಗಿ ಏಕಾವಧಾನಿ. ಎಂಟು ವರ್ಷ ಅವಳ ಎದುರು ಆ ಪ್ರಸಂಗಿಯ ಪೀಠದಲ್ಲಿ ಕುಳಿತವಳು ನಾನೇ.

ಆಮೇಲೆ ನಮ್ಮ ಅಭ್ಯಾಸ ಸುರುವಾಯಿತು. ನಮ್ಮಲ್ಲಿ ಎಲೆಗೆ ಮೊದಲು ಬೀಳುವುದು ಉಪ್ಪು, ಅದನ್ನು ಬಡಿಸುವುದು ಮನೆಯ ಕಿರಿಯ ಮಗಳು. ಅದರಲ್ಲೂ ಆ ವರ್ಷಗಳಲ್ಲಿ ಅಂಕೋಲೆಯ ಕಡೆ ಉಪ್ಪೆಂದರೆ ಬರೀ ಉಪ್ಪಲ್ಲ. ಕಡಲ ದಂಡೆಯಲ್ಲಿ ಉಪ್ಪು ಮಾಡಿದ್ದಕ್ಕೇ ಜನ ಜೈಲು ಕಂಡು ಬಂದಿದ್ದರು, ಮರಿಗೆ ಹಿಡಿದವರ ಗತ್ತೇ ಬೇರೆಯಾಗಿತ್ತು. ಎಡಗೈಯಲ್ಲಿ ಬಡಿಸುವಂತಿಲ್ಲ. ಹಾಗಾಗಿ ಗಟ್ಟಿ ಇದ್ದ ಎಡಗೈ ಮರಿಗೆ ಹಿಡಿಯಿತು, ಬಿಗಿದ ಬಲಗೈ ಚಿಟಿಕೆ ಕಲಿಯಿತು. ಮೊದಲು ಕುಳಿತು, ಮರಳಿನಲ್ಲಿ, ಆಮೇಲೆ ನಿಂತು. ನಡೆಯುತ್ತ ಬಡಿಸಲು ಹೋದರೆ ಎರಡೂ ಕೆಡುತ್ತಿದ್ದವು, ಮರಿಗೆ ವಾಲುತ್ತಿತ್ತು. ಆದ್ದರಿಂದ ಅವಳು ತನ್ನದೇ ಕ್ರಮವೊಂದನ್ನು ಕಟ್ಟಿಕೊಂಡಳು: ಎಲೆಯ ಮುಂದೆ ನಿಲ್ಲುವುದು, ಕಾಲು ಊರುವುದು, ಮರಿಗೆಯನ್ನು ಸೊಂಟಕ್ಕೆ ಒತ್ತಿಕೊಳ್ಳುವುದು, ಬಗ್ಗುವುದು, ಮಣಿಕಟ್ಟು ಬಾಗಿಸುವುದು, ಬಿಡುವುದು. ಒಂದು ಮುಗಿದ ಮೇಲೆ ಇನ್ನೊಂದು. ಒಂದು ವರ್ಷದೊಳಗೆ ಮನೆಯ ಏಳು ಎಲೆಗೂ ಉಪ್ಪು ಅವಳದೇ ಆಯಿತು. ಬಡಿಸುವಷ್ಟು ಹೊತ್ತು ನಾವೆಲ್ಲ ಬಾಯಿ ಹೊಲಿದುಕೊಂಡು ಕೂತಿರುತ್ತಿದ್ದೆವು.

ಅಷ್ಟರಲ್ಲಿ ನನಗೆ ಸದಾಶಿವಗಡದ ಸಂಬಂಧ ಬಂತು. ದೀಪಾವಳಿ ಕಳೆದು ಕಡಲು ತಣ್ಣಗಾದ ಮೇಲೆ ವೀಳ್ಯದ ಶಾಸ್ತ್ರವೆಂದು ಗೊತ್ತಾಯಿತು. ಗಂಡಿನ ಕಡೆಯವರು ಬಂದು, ಉಂಡು, ಎಲೆಯಡಿಕೆ ಬದಲಿಸಿಕೊಂಡರೆ ಮದುವೆ ನಿಶ್ಚಯ. ಹಿಂದಿನ ದಿನ ಸೋದರತ್ತೆ ಅವ್ವಿಯನ್ನು ಪಕ್ಕಕ್ಕೆ ಕರೆದು, ವೀಳ್ಯ ಮುಗಿಯುವ ತನಕ ಹೊನ್ನಿಯನ್ನು ಭತ್ತದ ಕೋಣೆಯಲ್ಲಿ ಕೂರಿಸು, ರಕ್ತದಲ್ಲೇ ದೋಷವಿದೆ ಅಂದುಕೊಂಡಾರು ಎಂದಳು. ಅತ್ತೆ ಕೆಟ್ಟವಳಲ್ಲ, ನನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಅವ್ವಿ ಭತ್ತದ ಕೋಣೆಯ ಕಡೆ ತಿರುಗಿದಳು. ನನಗೆ ತಡೆಯಲಾಗಲಿಲ್ಲ. ಮದುವೆಯ ಹುಡುಗಿ ತುಟಿ ಬಿಚ್ಚಬಾರದ ಕಾಲವದು. ಆದರೆ ನನ್ನ ತುಟಿಯ ಚರಿತ್ರೆ ನಿಮಗೀಗ ಗೊತ್ತಲ್ಲ.

"ಉಪ್ಪು ಹೊನ್ನಿನೇ ಬಡಿಸ್ಬೇಕು. ಅವ್ಳನ್ನ ಕೋಣೆಲಿ ಕೂರ್ಸೂದಾದ್ರೆ ನನ್ನನ್ನೂ ಅಲ್ಲೇ ಕೂರ್ಸಿ" ಎಂದೆ.

ಅಪ್ಪ ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಬಂದು, ಕಪಾಟಿನ ಮೇಲಿನ ಮರಿಗೆಯನ್ನು ಇಳಿಸಿ ಹೊನ್ನಿಯ ಕೈಗೆ ಕೊಟ್ಟು ಹೋದ.

ಮರುದಿನ ಅವರು ಬಂದರು, ಗಂಡಿನ ದೊಡ್ಡಪ್ಪನ ಸ್ವಂತ ಮಚ್ವೆಯಲ್ಲಿ, ಕಾಳಿ ನದಿ ಕಡಲು ಸೇರುವ ಅಳಿವೆ ದಾಟಿ, ದಂಡೆಗುಂಟ. ಗದ್ದೆಯ ಜೊತೆಗೆ ಆ ದೋಣಿಯನ್ನೂ ಇಟ್ಟುಕೊಂಡು ತಾನೇ ಚುಕ್ಕಾಣಿ ಹಿಡಿಯುತ್ತಿದ್ದ ಮನುಷ್ಯ ಆತ. ಗಾಳಿಯ ಮೇಲೆ ಕೂಗಿ ಕೂಗಿ ದನಿ ದೊಡ್ಡದಾಗಿತ್ತು. ಹದಿನಾಲ್ಕು ಎಲೆಯ ಸಾಲು. ಏಳರ ಲೆಕ್ಕ ಕಲಿತವಳಿಗೆ ಹದಿನಾಲ್ಕು. ಮನೆಯವರಿಗೆ ಸುಮ್ಮನಿರಿ ಎಂದು ಹೇಳಬಹುದು, ಬೀಗರಾಗಬೇಕಾದವರಿಗೆ ಯಾರು ಹೇಳಬೇಕು? ನಾನು ಅಡಿಗೆಮನೆಯ ಬಾಗಿಲ ಸಂದಿಗೆ ಕಣ್ಣು ಹಚ್ಚಿ ನಿಂತೆ. ನನ್ನ ಮದುವೆಯ ವಿಚಾರ ನನ್ನ ತಲೆಯಲ್ಲಿರಲಿಲ್ಲ ಎಂದರೆ ನೀವು ನಂಬಬೇಕು.

ಮೊದಲ ಎಲೆಯೇ ದೊಡ್ಡಪ್ಪನದು. ಹೊನ್ನಿ ನಿಂತಳು, ಕಾಲು ಊರಿದಳು, ಬಗ್ಗಿದಳು. ಆತ ಪ್ರೀತಿಯಿಂದ, ಇಡೀ ಜಗಲಿಗೆ ಕೇಳುವಂತೆ, "ನಿನ್ನ ಹೆಸ್ರು ಎಂತದೆ ಕೂಸೆ?" ಎಂದ.

ಮುಷ್ಟಿ ಮುಚ್ಚಿತು. ಹಿರಿಯರು ಕೇಳಿದಾಗ ಉತ್ತರಿಸದಿರುವುದು ಉದ್ಧಟತನ, ಉಪ್ಪು ಬೀಳದಿರುವುದು ಅಪಶಕುನ. ನನ್ನ ತಂಗಿ ಎರಡರ ನಡುವೆ ಬಗ್ಗಿ ನಿಂತಿದ್ದಳು. ಅವಳು ಅಳಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಆತನ ಪ್ರಶ್ನೆಯನ್ನು ಹಾಗೇ ಬಾಗಿಲ ಹೊರಗೆ ನಿಲ್ಲಿಸಿದಳು. ಮಣಿಕಟ್ಟನ್ನು ಮತ್ತೆ ಮೆಲ್ಲಗೆ ಬಾಗಿಸಿದಳು, ಕಾದಳು. ಬೆರಳು ಬಿಚ್ಚಿತು. ಎಲೆಯ ತುದಿಗೆ ಉಪ್ಪು ಬಿತ್ತು, ಒಂದು ಹರಳೂ ಆಚೀಚೆ ಚೆಲ್ಲದೆ. ಆಮೇಲೆ ನೆಟ್ಟಗೆ ನಿಂತು, ಆತನ ಮುಖ ನೋಡಿ, "ಹೊನ್ನಮ್ಮ" ಎಂದಳು.

ಆ ದೊಡ್ಡ ದನಿಯ ಮನುಷ್ಯ ಒಂದು ಗಳಿಗೆ ಅವಳ ಕೈಯನ್ನೇ ನೋಡಿದ. ಆಮೇಲೆ ಸಾಲಿನ ಕಡೆ ತಿರುಗಿ, ಅವನವರೇ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಹೇಳಿದ: "ತಪ್ಪು ನಂದು. ಅಳಿವೆ ದಾಟುವಾಗ ಚುಕ್ಕಾಣಿ ಹಿಡ್ದವ್ರ ಹತ್ರ ಯಾರೂ ಮಾತಾಡೂಕಾಗ. ಎಲ್ಲಾ ಸುಮ್ನಿರಿ."

ಉಳಿದ ಹದಿಮೂರು ಎಲೆಗೆ ಉಪ್ಪು ಬೀಳುವವರೆಗೆ ಆ ಜಗಲಿಯಲ್ಲಿ ಮಾತಿರಲಿಲ್ಲ, ಅವಳ ಎಳೆಯುವ ಕಾಲಿನ ಸಪ್ಪಳ ಮಾತ್ರ. ಬಿಸಿ ಪಾಯಸ ಒಳಗೇ ಉಳಿಯಿತು, ಅನ್ನ ಆರಿತು, ಯಾರೂ ಅವಸರ ಮಾಡಲಿಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನನ್ನ ಗಂಡನ ಮನೆಯವರು ಬಗೆಯಲಿಲ್ಲ, ವೀಳ್ಯ ಅಂದೇ ಆಯಿತು. ಮದುವೆಯಾಗಿ ನಾನು ಹೊರಟಾಗ ಅವ್ವಿ ಆ ಮರಿಗೆಯನ್ನು ನನ್ನ ಪೆಟ್ಟಿಗೆಯಲ್ಲಿಟ್ಟಳು. ಅದನ್ನು ಕೊಡಿರೆಂದು ಕೇಳಿಕೊಂಡವನು ಆ ದೊಡ್ಡಪ್ಪನೇ. ಅವತ್ತಿನಿಂದ ಈ ಮನೆಯಲ್ಲಿ ಉಪ್ಪಿಗೆ ಮೌನ.

ಹೊನ್ನಿಯ ಕೈ ಗುಣವಾಯಿತೆಂದು ಹೇಳಿ ನಿಮ್ಮನ್ನು ಸಂತೋಷಪಡಿಸಲಾರೆ. ಅದು ಇಂದಿಗೂ ಬಿಗಿಯಾಗಿಯೇ ಇದೆ, ಇಂದಿಗೂ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಆ ಒಂದೊಂದರಿಂದಲೇ ಅವಳು ಹೊಲಿಗೆ ಕಲಿತಳು, ಊರ ಅರ್ಧ ಮಕ್ಕಳಿಗೆ ಅಂಗಿ ಹೊಲಿದು ತೊಡಿಸಿದಳು. ಒಟ್ಟಿಗೆ ಎರಡು ಕೆಲಸ ಕೊಟ್ಟರೆ ಇಂಥ ಮಕ್ಕಳ ಕೈ ಹೆಚ್ಚು ಎಡವುತ್ತದೆಂದು ಮೊಮ್ಮಗ ಪುಸ್ತಕ ತೆರೆದು ನನಗೆ ವಿವರಿಸುತ್ತಾನೆ. ನಾನು ಹೊಸದಾಗಿ ಕೇಳಿದವಳಂತೆ ತಲೆಯಾಡಿಸುತ್ತೇನೆ. ಡಾಕ್ಟರುಗಳಿಗೂ ಒಂದಿಷ್ಟು ಹೆಮ್ಮೆ ಬೇಡವೇ.

ಮೊನ್ನೆ ಹೊನ್ನಿ ಬಂದಿದ್ದಳು. ಇಬ್ಬರಿಗೂ ತಲೆ ಬೆಳ್ಳಗಾಗಿದೆ. ನನಗೆ ಅದರ ಜೊತೆಗೆ ಕೈನಡುಕವೂ ಬಂದಿದೆ. ಅವಳಿಗೆ ಎಲೆ ಹಾಕಿ, ಯಾವುದೋ ಸುದ್ದಿ ಹೇಳುತ್ತ ಹೇಳುತ್ತ, ನಮ್ಮ ಮನೆಯ ಕಟ್ಟಳೆಯನ್ನು ನಾನೇ ಮರೆತು, ಮರಿಗೆಗೆ ಕೈ ಹಾಕಿದೆ. ಬೆರಳು ಅದುರಿ ಉಪ್ಪೆಲ್ಲ ನೆಲಕ್ಕೆ ಬಿತ್ತು. ಮಾತು ಅಲ್ಲಿಗೇ ನಿಂತಿತು.  ಹೊನ್ನಿ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಕೈ ನೋಡುತ್ತ ಕಾದಳು. ನಾನು ಕಾಲು ಊರಿ ನಿಂತೆ, ಮರಿಗೆಯನ್ನು ಸೊಂಟಕ್ಕೆ ಒತ್ತಿಕೊಂಡೆ, ಬಗ್ಗಿದೆ. ಎಷ್ಟು ಹೊತ್ತಾಯಿತೋ. ಉಪ್ಪು ಎಲೆಯ ತುದಿಗೆ ಬಿತ್ತು.

ಆಗ ಅವಳು ತಲೆ ಎತ್ತಿ, "ಅಕ್ಕಾ, ಎಂತದೋ ಹೇಳ್ತಾ ಇದ್ದೆ ಅಲ್ಲ, ಈಗ ಹೇಳು" ಎಂದಳು.