ಮರಕ್ಕೆ ಆರು ಆಳು

ಕಂಪ್ಯೂಟರ್ ಬಂದದ್ದು ಅಪ್ಪನ ಗೊಬ್ಬರದ ಅಂಗಡಿಯ ಬಿಲ್ಲಿಗೆಂದು. ಅಂಗಡಿಯ ಧೂಳಿಗೆ ಹಾಳಾದೀತೆಂದು ಅದು ನಂಜನಗೂಡಿನ ನಮ್ಮ ಮನೆಯಲ್ಲೇ ಉಳಿಯಿತು. ನಾನಾಗ ಬಿ.ಕಾಂ. ಓದುತ್ತಿದ್ದೆ. ಸಂಜೆ ಬಿಲ್ಲು ಟೈಪು ಮಾಡುವುದು ನನ್ನ ಕೆಲಸ. ಬಿಲ್ಲು ಮುಗಿದ ಮೇಲೆ ಒಂದು ಗಂಟೆ ಆಟ. ಊರು ಕಟ್ಟಿ, ಸೈನ್ಯ ಕಟ್ಟಿ ಕಾದಾಡುವ ಆಟ.

ಆ ಆಟದಲ್ಲಿ ನಾನು ಸೋತು ಸುಣ್ಣವಾಗಿದ್ದೆ. ನನ್ನ ಆಳುಗಳು ಇನ್ನೂ ಕುರಿ ಹುಡುಕುತ್ತಿರುವಾಗಲೇ ಎದುರಾಳಿಯ ಕುದುರೆಗಳು ಬಂದು ಮನೆಗಳಿಗೆ ಬೆಂಕಿ ಇಡುತ್ತಿದ್ದವು. ಸೋಲುವುದು ನನಗಾಗದು. ಕಂಪ್ಯೂಟರ್ ಕ್ಲಾಸಿನಲ್ಲಿ ಸಂಬಳದ ಪಟ್ಟಿ ಮಾಡಲು ಕಲಿಸಿದ್ದ ಸ್ಪ್ರೆಡ್‌ಶೀಟನ್ನೇ ತೆರೆದು ಕೂತೆ. ಎಷ್ಟನೇ ನಿಮಿಷಕ್ಕೆ ಮರ ಕಡಿಯಲು ಎಷ್ಟು ಆಳು, ಹೊಲಕ್ಕೆ ಎಷ್ಟು, ಚಿನ್ನದ ಗಣಿಗೆ ಎಷ್ಟು, ಕೂಡಿಟ್ಟ ಕುರಿ, ಚಿನ್ನ ಎಷ್ಟು ಎಂದು ಒಂದೊಂದು ಕಾಲಂ. ಕೊನೆಯ ಕಾಲಮಿನಲ್ಲಿ, ಸೋತದ್ದು ಏಕೆ. ಕನ್ನಡ ಟೈಪು ಬಾರದೆ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿಯೇ ಬರೆದೆ. ಮರಕ್ಕೆ ನಾಲ್ಕು ಆಳು ಸಾಲದು, ಆರು ಬೇಕು ಎಂದು ಶೀಟು ಹೇಳಿತು. ಆರು ಹಾಕಿದೆ, ಗೆದ್ದೆ. ಅವತ್ತು ಕುಣಿದುಬಿಟ್ಟೆ.

ಅದು ಆಟವೆಂದು ಅಪ್ಪನಿಗೆ ಗೊತ್ತು. ಆದರೂ ಕೇಳಿದವರಿಗೆಲ್ಲ "ಲೆಕ್ಕ ಬರೀತಾವ್ಳೆ" ಅನ್ನುತ್ತಿದ್ದರು. ಮದುವೆ ವಯಸ್ಸಿನ ಮಗಳು ಆಟ ಆಡುತ್ತಾಳೆ ಎಂದರೆ ಮರ್ಯಾದೆ ಉಳಿದೀತೆ? ನನಗೆ ಮೈ ಉರಿಯುತ್ತಿತ್ತು. ಬೀದಿಯ ಗಂಡಸರು ಇಡೀ ಮಧ್ಯಾಹ್ನ ಜಗಲಿಯ ಮೇಲೆ ಇಸ್ಪೀಟು ಎಸೆದರೂ ಯಾರೂ ಅದನ್ನು ಲೆಕ್ಕ ಅನ್ನುತ್ತಿರಲಿಲ್ಲ.

ತಿ. ನರಸೀಪುರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ಮುಗಿಸಿ ಹುಡುಗನ ಸೋದರಮಾವ ಕಂಪ್ಯೂಟರಿನ ಹತ್ತಿರ ಬಂದರು. ಅಪ್ಪ ಉಬ್ಬಿಹೋಗಿ, "ನಮ್ ಲೆಕ್ಕ ಎಲ್ಲಾ ಇವ್ಳೇ ಕಣ್ರೀ. ತೋರ್ಸು ಮಗ" ಎಂದರು. ತೋರಿಸಿದೆ. ಬಿಲ್ಲಲ್ಲ, ನನ್ನ ಶೀಟು.

ಸೋದರಮಾವ ಪರದೆಗೆ ಮೂಗು ತಾಗಿಸಿ ಓದಿದರು. "ಆಳು ಮೂವತ್ತು... ಕುರಿ ಎಂಟು... ಚಿನ್ನ ಎಂಟ್ನೂರು!" ತಿರುಗಿ ಅಪ್ಪನನ್ನು ನೋಡಿದ ಕಣ್ಣೇ ಬೇರೆಯಾಗಿತ್ತು. "ಯಜಮಾನ್ರೇ, ಮೂವತ್ತಾಳು ದುಡಿಯೋ ಜಮೀನು ಎಲ್ಲೈತೆ? ನಮ್ಗೆ ಏಳ್ಲೇ ಇಲ್ವಲ್ಲ!"

ಅಪ್ಪ ನನಗೆ ಕಣ್ಸನ್ನೆ ಮಾಡಿದರು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೆ ಇವತ್ತು ಲೆಕ್ಕ ಎಂದು ತಲೆಯಾಡಿಸಿದರೆ, ನಾಳೆ ಆ ಮನೆಯಲ್ಲಿ ಆಟ ಅನ್ನುವ ಮಾತೇ ನನ್ನ ಬಾಯಿಂದ ಹೊರಡುವಂತಿರಲಿಲ್ಲ.

"ಜಮೀನಲ್ಲ, ಆಟ. ನಾನ್ ಆಡೋದು" ಎಂದೆ.

"ಆಟಾನಾ? ಮದ್ವೆ ಆದ್ಮೇಲೆ ಬುಟ್ಬುಡ್ತೀಯ ತಾನೇ?"

"ಯಾಕ್ ಬಿಡ್ಲಿ? ಈಗ್ ತಾನೇ ಗೆಲ್ಲಕ್ಕೆ ಶುರು ಮಾಡಿದ್ದೀನಿ."

ನರಸೀಪುರದಿಂದ ಮತ್ತೆ ಸುದ್ದಿ ಬರಲಿಲ್ಲ. "ಲೆಕ್ಕ ಅಂದಿದ್ರೆ ನಿನ್ ಗಂಟೇನ್ ಓಗ್ತಿತ್ತೇ?" ಎಂದು ಅವ್ವ ವಾರಗಟ್ಟಲೆ ಗೊಣಗಿದಳು. ಕಂಪ್ಯೂಟರನ್ನು ಅಂಗಡಿಗೇ ಹೊತ್ತೊಯ್ಯುತ್ತೇನೆಂದು ಅಪ್ಪ ಗುಡುಗಿದರು, ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ನಾನು ದಿನಾ ಬಿಲ್ಲು ಮುಗಿಸಿ, ಅವರ ಎದುರಿಗೇ ಶೀಟು ತೆರೆದು ಕೂರುತ್ತಿದ್ದೆ.

ನಾಟಿ ಕಾಲದಲ್ಲಿ ಒಂದು ಸಂಜೆ, ಅಂಗಡಿ ಮುಚ್ಚಿದೆಯೆಂದು ಹುಲ್ಲಹಳ್ಳಿಯ ರೈತರೊಬ್ಬರು ಗೊಬ್ಬರ ಕೇಳಿಕೊಂಡು ಮನೆಗೇ ಬಂದರು. ಬಾಗಿಲಲ್ಲೇ ನಿಂತು, "ಮಗಳು ಏನ್ ಮಾಡ್ತಾವ್ಳೆ ಸಾ?" ಎಂದರು. ನಾನು ತಿರುಗಲಿಲ್ಲ, ಕೈ ಮಾತ್ರ ಮೌಸಿನ ಮೇಲೆ ನಿಂತಿತು.

ಅಪ್ಪ ಕೆಮ್ಮಿದರು. ಆಮೇಲೆ ಸಿಡುಕಿದರು.

"ಆಟ ಆಡ್ತಾವ್ಳೆ. ಕಾಣಾಕಿಲ್ವೇನಪ್ಪಾ?"