ಉಸಿರಿಗೆ ಕೆಂಪಾಗುವ ಹರಳು

ಅಕ್ಕೋರ ತುಟಿ ಸದಾ ಒಲೆ ಊದುವವರ ಹಾಗೆ ಮುಂದೆ ಚಾಚಿರುತ್ತಿತ್ತು. ಕುಮಟಾ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು. ಉಳಿದವರೆಲ್ಲ ಮೇಡಂ ಎಂದರೂ ನನ್ನ ಬಾಯಿಗೆ ಬಂದದ್ದು ಅಕ್ಕೋರೇ. ಎರಡು ಸಾವಿರದ ಇಸವಿಯ ಆಚೀಚೆ ಅವರು ದೂರದೂರಿನ ಸಂಶೋಧನಾಲಯ ಸೇರಿದರು, ಬಾಲದ ಹಾಗೆ ನಾನೂ ಹಿಂದೆ ಹೋದೆ. ಅಲ್ಲಿ ಬರೀ ಹಳದಿ ದೀಪ. ಬೇರೆ ಬೆಳಕು ತಾಗಿದರೆ ನಮ್ಮ ಅಂಟು ದ್ರವ, ಅರ್ಧ ಗಾಜು ಅರ್ಧ ಪ್ಲಾಸ್ಟಿಕ್ಕಿನ ಹೈಬ್ರಿಡ್ ಪಾಲಿಮರ್, ಕೆಟ್ಟುಹೋಗುತ್ತಿತ್ತು. ಆ ದೀಪದಲ್ಲಿ ಎಲ್ಲರದ್ದೂ ಹೆಣದ ಮುಖ.

ಲೇಸರ್ ಕಿರಣಗಳು ಕೂಡಿದಲ್ಲಿ ದ್ರವ ಗಟ್ಟಿಯಾಗುತ್ತಿತ್ತು. ಮಿಕ್ಕದ್ದನ್ನು ತೊಳೆದರೆ, ಮಳೆಗಾಲಕ್ಕೆ ಕಟ್ಟಿಗೆ ಒಟ್ಟಿದ ಹಾಗೆ, ಕಣ್ಣಿಗೆ ಕಾಣದ ಸಂದುಗಳ ಪುಟ್ಟ ಹರಳು. ಅದು ಹಸಿರಾಗಿ ಹೊಳೆಯುತ್ತಿತ್ತು. ಯಾವ ಬಣ್ಣದ ಬೆಳಕು ಹೊಮ್ಮಬೇಕೆಂದು ಸಂದಿನ ಅಳತೆಯೇ ಆರಿಸುತ್ತಿತ್ತು.

"ಬಣ್ಣ ಎಂತದೂ ಹಾಕ್ಲಿಲ್ಲ ಮಾರಾಯ್ತಿ. ಸಂದು ಬಿಟ್ಟದ್ದು, ಅಷ್ಟೇ" ಎನ್ನುತ್ತಿದ್ದರು ಅಕ್ಕೋರು.

ತೇವ ಹೀರಿ ಉಬ್ಬುವಂತೆ ಪಾಕ ಬದಲಿಸಿ ಒಂದು ಹರಳು ಮಾಡಿದರು. ಊದಿದರೆ ಸಂದು ಹಿಗ್ಗಿ, ಹಸಿರು ಹಳದಿಯಾಗಿ, ಕೊನೆಗೆ ಕೆಂಪಾಗುತ್ತಿತ್ತು. ತೇವ ಆರಿದರೆ ಮತ್ತೆ ಹಸಿರು.

ಶ್ವಾಸಕೋಶದ ಕಾಯಿಲೆಯಾಗಿ ಅಕ್ಕೋರು ಕರ್ಕಿಯಲ್ಲಿದ್ದ ಅಣ್ಣನ ಮನೆಗೆ ಮರಳಿದಾಗ ಆ ಹರಳನ್ನೂ ತಂದರು. ದಿನಾ ಊದುತ್ತಿದ್ದರು. ಬರಬರುತ್ತಾ ಕೆಂಪು ಬರುವುದು ನಿಂತು ಕೇಸರಿಗೆ, ಆಮೇಲೆ ಹಳದಿಗೆ ಇಳಿಯಿತು. ನನಗೆ ಅದನ್ನು ಕಂಡರೆ ಹೆದರಿಕೆಯಾಗತೊಡಗಿತು.

ನಾನು ನೋಡಲು ಹೋಗಿದ್ದ ಒಂದು ಮಧ್ಯಾಹ್ನ ಅವರ ಎದೆ ಏರುವುದೇ ನಿಂತಿತು. ಅಣ್ಣ ಮೂಗಿನ ಹತ್ತಿರ ಹತ್ತಿಯ ಎಳೆ ಹಿಡಿದರು. ಅಲುಗಲಿಲ್ಲ.

"ಆತು. ಚಾಪೆ ಹಾಸಿ, ಕೆಳಗೆ ಇಳಿಸುವಾ" ಎಂದರು.

ನಾನು ಅವರ ಮೂಗಿನ ಹತ್ತಿರ ಹರಳು ಹಿಡಿದೆ. ಹಸಿರು. ಹಸಿರೇ. ಬೆನ್ನ ಹಿಂದೆ ಚಾಪೆ ಬಿಚ್ಚುವ ಸದ್ದು. ಅಷ್ಟರಲ್ಲಿ ಹರಳಿನ ಅಂಚಿನಿಂದ ಹಳದಿ ಹರಿಯಿತು.

"ಅಣ್ಣಾ, ಇಳಿಸ್ಬೇಡಿ! ಉಸಿರು ಅದೆ!"

ಹೊನ್ನಾವರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರೇ, ಯಾರೂ ಏನೂ ಹೇಳದಿದ್ದರೂ, "ಯಾವ ಬಣ್ಣ ಬಂತೆ?" ಎಂದು ಕೇಳಿದರು.

"ಹಳದಿ, ಅಕ್ಕೋರೇ."

"ಕೆಂಪು ಬರ್ಬೇಕಿತ್ತು" ಎಂದು ಮುಖ ತಿರುಗಿಸಿದರು.

ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟರು. ಆ ದಿನವೂ ಹರಳು ಹಿಡಿದು ಕೂತಿದ್ದೆ. ಅವರನ್ನು ಎತ್ತುವವರೆಗೂ ಅದು ಹಸಿರಾಗಿಯೇ ಇತ್ತು. "ನಿಂಗೇ ಇರ್ಲಿ" ಎಂದರು ಅಣ್ಣ. ಬೆಳಕನ್ನು ನೋಡಲು ಕಲಿಸಿದವರ ಋಣ ನನ್ನ ಮೇಲಿದೆ. ತೇವ ಹೀರುವ ಮಣಿ ಹಾಕಿ, ಗಾಜಿನ ಡಬ್ಬಿಯಲ್ಲಿ ಜೋಪಾನ ಮಾಡಿದೆ.

ಅವರ ತಿಥಿಯೂಟ ಮುಗಿಸಿ ಬಂದು ನೋಡಿದರೆ ಹರಳು ಕೆಂಪು. ತುಂಬು ಕೆಂಪು. ಮುಚ್ಚಳ ಸಡಿಲವಾಗಿರಬೇಕೆಂದು ತಿರುವಿದೆ, ಬಿಗಿಯಾಗಿಯೇ ಇತ್ತು. ವಿಜ್ಞಾನ ಓದಿದವಳು ನಾನು, ಕಾರಣ ಹುಡುಕಬೇಕಿತ್ತು. ಹುಡುಕಲಿಲ್ಲ.

"ಕೆಂಪು ಬಂತು, ಅಕ್ಕೋರೇ" ಎಂದೆ.

ಹರಳು ನಿಧಾನವಾಗಿ ಹಸಿರಾಯಿತು.